ಚೂಡಾಮಣಿಗೊಂದು ಕರಿಮರದ ಕ್ಲಾರಿಯೋನೆಟ್

ಜಯನಗರ ಮೂರನೇ ಬ್ಲಾಕ್,
ಬೆಂಗಳೂರು-೧೧,
೨೭ ನವೆಂಬರ್ ೧೯೬೩, ಬುಧವಾರ

ಪ್ರೀತಿಯ ಬದರಿ ಅಣ್ಣನಿಗೆ,

ನಿನ್ನ ತಂಗಿ ಪಂಕಜಾ ಮಾಡುವ ನಮಸ್ಕಾರ. ಹೇಗಿದ್ದೀಯ? ಮಳೆಗಾಲ ಮುಗಿದು ಗಾಳಿ ತಿರುಗುವ ಹೊತ್ತಿಗೆ ನಿನಗೆ ಎದೆ ಕಟ್ಟುತ್ತದೆ ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಈ ಸಲ ಹೇಗಿದೆ? ಊಟಕ್ಕೆ ಈಗಲೂ ಮಾಟುಂಗಾದ ಆ ಉಡುಪಿಯವರ ಹೋಟೆಲಿಗೇ ಹೋಗುತ್ತೀಯೋ, ಇಲ್ಲ ಸಿಕ್ಕಿದ್ದನ್ನು ತಿಂದು ಮಲಗುತ್ತೀಯೋ? ಯುಗಾದಿಗೊಂದು, ದೀಪಾವಳಿಗೊಂದು ತಪ್ಪದೆ ಬರುತ್ತಿದ್ದ ನಿನ್ನ ಕಾಗದ ಹೋದ ಯುಗಾದಿಗೂ ಇಲ್ಲ, ಮೊನ್ನೆ ದೀಪಾವಳಿಗೂ ಇಲ್ಲ. ಯಾವುದೋ ಹಡಗಿನ ಬ್ಯಾಂಡಿನ ಜೊತೆ ಹೊರದೇಶಕ್ಕೆ ಹೊರಟಿರಬೇಕು ಎಂದು ಇವರು ಹೇಳುತ್ತಾರೆ. ಹಾಗೇ ಇರಲಿ. ನಾನು ಬೊಂಬಾಯಿಯ ಹಳೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ, ಬೇರೆ ವಿಳಾಸ ನನ್ನಲ್ಲಿ ಇಲ್ಲವಲ್ಲ.

ಅಮ್ಮ ಚೆನ್ನಾಗಿದ್ದಾರೆ. ಕಣ್ಣಿನ ಪೊರೆ ಇನ್ನಷ್ಟು ಬಲಿತಿದೆ. ಮನುಷ್ಯರನ್ನು ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿಯುತ್ತಾರೆ. ಪೋಸ್ಟಿನವನ ಸೈಕಲ್ ನಮ್ಮ ಗೇಟು ದಾಟಿ ಮುಂದೆ ಹೋದರೆ ಒಳಗೆ ಹೋಗಿ ತುಳಸಿಮಣಿ ಹಿಡಿದು ಕೂರುತ್ತಾರೆ. ನಿನ್ನ ವಿಷಯ ಬಾಯಿಬಿಟ್ಟು ಕೇಳುವುದಿಲ್ಲ. ಅಪ್ಪ ಹೋಗಿ ಎಂಟು ವರ್ಷವಾದರೂ ಅವರಿಗಿನ್ನೂ ಅಪ್ಪನ ಭಯ ಹೋಗಿಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಈ ಕಾಗದವನ್ನು ಡಬ್ಬಕ್ಕೆ ಹಾಕುವ ಮುಂಚೆ ಅವರಿಗೆ ಓದಿ ಹೇಳಬೇಕಂತೆ, ಆದ್ದರಿಂದ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಹೇಳಿದರೆ ಬೇಸರಪಡಬೇಡ.

ಈಗ ಚೂಡಿಯ ವಿಷಯ. ನನ್ನ ಮಗಳು ಚೂಡಾಮಣಿಯನ್ನು ನೀನು ನೋಡೇ ಇಲ್ಲ. ನೀನು ಮನೆ ಬಿಟ್ಟ ಎರಡು ವರ್ಷಕ್ಕೆ ಹುಟ್ಟಿದವಳು, ಈಗ ಹದಿಮೂರು. ನಾಲ್ಕು ವರ್ಷದ ಹಿಂದೆ ಬಸವನಗುಡಿಯ ಮನೆ ಖಾಲಿ ಮಾಡಿ ಇಲ್ಲಿಗೆ ಬರುವಾಗ ಅಟ್ಟದ ಮೇಲೆ ನಿನ್ನ ಬನಿಯನ್ನಿನಲ್ಲಿ ಸುತ್ತಿದ ತಗಡಿನ ಕ್ಲಾರಿಯೋನೆಟ್ ಅವಳ ಕೈಗೆ ಸಿಕ್ಕಿತು. ಎಂಜಲು ವಾದ್ಯ ಊದುವವನು ಈ ಮನೆಯಲ್ಲಿ ಉಣ್ಣಬೇಡ ಎಂದು ಅಪ್ಪ ಅಂದ ದಿನ ನೀನು ಬಿಟ್ಟುಹೋದದ್ದು ಅದು. ಅಮ್ಮ ಅದನ್ನು ಎಸೆದಿರಲಿಲ್ಲ. ಹುಡುಗಿ ಊದಿದಳು, ಸದ್ದು ಬಂತು, ಅಲ್ಲಿಗೆ ಮುಗಿಯಿತು. ಹೆಣ್ಣುಮಕ್ಕಳು ವೀಣೆ ಹಿಡಿಯಲಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಪಕ್ಕದ ಬೈರಸಂದ್ರದಲ್ಲಿ ಚಿಕ್ಕಬೈರಪ್ಪ ಎಂಬ ಹಿರಿಯರಿದ್ದಾರೆ, ಮಿಲಿಟರಿ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಊದಿ ಪಿಂಚಣಿ ಪಡೆದು ಬಂದವರು. ಅವರೇ ಮೇಷ್ಟ್ರು. ನಮ್ಮ ಬ್ಲಾಕು ಎದ್ದಿರುವ ಜಾಗದಲ್ಲಿ ಅವರ ರಾಗಿ ಹೊಲ ಇತ್ತಂತೆ. ಪಾಠಕ್ಕೆ ಬಂದಾಗಲೆಲ್ಲ ನಮ್ಮ ಅಡುಗೆಮನೆಯ ಕಡೆ ಕೈ ತೋರಿಸಿ, 'ಅಲ್ಲಿ ನಮ್ಮಪ್ಪ ನೆಟ್ಟಿದ್ದ ಹುಣಸೆಮರ ಇತ್ತು ಕಣವ್ವ' ಎನ್ನುತ್ತಾರೆ. ಕೋಪವಿಲ್ಲ, ಸುಮ್ಮನೆ ಹೇಳುತ್ತಾರೆ.

ನಾಟ್ಯ ಕಲಿಸುವ ಕಮಲಾದೇವಿಯವರು ಸಂಕ್ರಾಂತಿಯ ಹೊತ್ತಿಗೆ ತಮ್ಮ ಶಿಷ್ಯೆಯರ ನೃತ್ಯ ಇಟ್ಟುಕೊಂಡಿದ್ದಾರೆ. ಹಾಡುವವರ ಹಿಂದೆ ಊದಲು ಕ್ಲಾರಿಯೋನೆಟ್ ಬೇಕಾಗಿ ಚೂಡಿಯನ್ನು ಕರೆಸಿ ಊದಿಸಿ ಕೇಳಿದರು. ಕೇಳಿ, ನನ್ನನ್ನು ಪಕ್ಕಕ್ಕೆ ಕರೆದು, 'ನಿಮ್ಮ ಹುಡುಗಿ ಬೇಕು, ಆದ್ರೆ ಆ ತಗಡು ಬೇಡ. ಮೇಲಿನ ಸ್ವರಕ್ಕೆ ಹೋದ್ರೆ ಕಾಗೆ ಕೂಗಿದ ಹಾಗೆ ಕೇಳತ್ತೆ' ಎಂದರು. ಮೇಷ್ಟ್ರೂ ಅದನ್ನೇ ಒಂದು ವರ್ಷದಿಂದ ಹೇಳುತ್ತಿದ್ದರು. 'ಮಗೀನ ಬೆರಳು ಉದ್ದ ಆಗೈತೆ, ಉಸಿರು ದೊಡ್ಡದಾಗೈತೆ. ಈ ಕೊಳವೆ ಸಾಲಾಕಿಲ್ಲ. ಮರದ್ದು ನೋಡಾನ.' ಇವರು ಒಪ್ಪಿದರು. ಚೂಡಿಗೆ ಎರಡು ದಿನ ನಿದ್ದೆಯಿಲ್ಲ. ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ ಒಂದೇ ವಸ್ತು ಅದು, ಅಣ್ಣಾ.

ದೀಪಾವಳಿ ಮುಗಿದ ಸೋಮವಾರ ನಾನು, ಚೂಡಿ, ಮೇಷ್ಟ್ರು ಮೂವರೂ ಬಸ್ಸು ಹಿಡಿದು ದಂಡಿಗೆ, ಕಂಟೋನ್ಮೆಂಟಿನ ಕಡೆಗೆ, ಹೋದೆವು. ರೊಸಾರಿಯೋ ಎಂಬ ಮುದುಕರು ತಮ್ಮ ಮನೆಯ ಮುಂಭಾಗದಲ್ಲೇ ವಾದ್ಯಗಳನ್ನು ರಿಪೇರಿ ಮಾಡುತ್ತಾರೆ, ಮಾರುತ್ತಾರೆ. ಮಕ್ಕಳೆಲ್ಲ ಆಸ್ಟ್ರೇಲಿಯಾಕ್ಕೆ ಹೋಗಿದ್ದಾರಂತೆ. ಅವರು ಮೇಜಿನ ಮೇಲೆ ಮೂರು ಕ್ಲಾರಿಯೋನೆಟ್ ಸಾಲಾಗಿ ಇಟ್ಟರು. ಮೊದಲನೆಯದು ವಿಲಾಯಿತಿಯದು, ಹೊಸದು. ಮರದಂತೆ ಕಾಣುವ ಗಟ್ಟಿ ರಬ್ಬರಿನ ಎಬೊನೈಟು, ಕನ್ನಡಿಯಂತೆ ಹೊಳೆಯುವ ಕೀಗಳು. ಚೂಡಿ ಊದಿದಳು. ಸದ್ದು ದೊಡ್ಡದು, ಆದರೆ ಮಾರ್ಕೆಟ್ಟಿನ ಬಸ್ಸಿನ ಹಾರನ್ನಿನಂತೆ ಎಲ್ಲ ಸ್ವರವೂ ಒಂದೇ ಮುಖ. ಎರಡನೆಯದು ಮೀರತ್ತಿನಲ್ಲಿ ಮಾಡಿದ್ದು. ಅದರ ಸ್ಪ್ರಿಂಗು ಸಡಿಲ, ಬೆರಳೆತ್ತಿದರೂ ಕೀ ಏಳುವುದಿಲ್ಲ. ಮೂರನೆಯದು ಹಳೆಯದು. ಕರಿಮರ. ಯಾರು ಮಾಡಿದ್ದೆಂಬ ಹೆಸರೇ ಸವೆದುಹೋಗಿದೆ. ಬೆರಳು ಕೂರುವ ಜಾಗದಲ್ಲಿ ಮರ ಸ್ವಲ್ಪ ತಗ್ಗಾಗಿದೆ. ಮೌತ್‌ಪೀಸ್ ಇರಲಿಲ್ಲ, ಒಡೆದುಹೋಗಿತ್ತಂತೆ.

ಚಿಕ್ಕಬೈರಪ್ಪನವರು ವಾದ್ಯವನ್ನು ಪರೀಕ್ಷಿಸುವ ಒಂದು ಕ್ರಮವಿದೆ, ನಿನಗೂ ಗೊತ್ತಿರಬಹುದು. ಮೇಲಿನ ತುಂಡನ್ನು ಬಿಚ್ಚಿ, ತೂತುಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಒಂದು ತುದಿಗೆ ಅಂಗೈ ಕೊಟ್ಟು, ಇನ್ನೊಂದು ತುದಿಯಿಂದ ಒಳಗಿನ ಗಾಳಿಯನ್ನು ಬಾಯಲ್ಲಿ ಎಳೆಯುತ್ತಾರೆ. ಎಲ್ಲೂ ಸೋರದಿದ್ದರೆ ಕೊಳವೆ ಒಂದು ಕ್ಷಣ ತುಟಿ ಹಿಡಿದುಕೊಂಡು ಆಮೇಲೆ ಪಟ್ಟೆಂದು ಬಿಡುತ್ತದೆ. ವಿಲಾಯಿತಿಯದು ಎರಡು ಎಣಿಸುವಷ್ಟು ಹಿಡಿಯಿತು. ಮೀರತ್ತಿನದು ಹಿಡಿಯಲೇ ಇಲ್ಲ. ಹಳೆಯದನ್ನು ಎಳೆದಾಗ ಅದು ಹಿಡಿದೇ ಇತ್ತು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ. ಮೇಷ್ಟ್ರ ಕಣ್ಣು ಅಗಲವಾಯಿತು. ಕೊನೆಗೆ ಅವರೇ ಬೆರಳು ತೆಗೆದು ಬಿಡಿಸಿಕೊಂಡರು. ತುಟಿ ಒರೆಸಿಕೊಂಡು ಸ್ವಲ್ಪ ಹೊತ್ತು ಆ ಕೊಳವೆಯನ್ನೇ ನೋಡಿ, 'ಒಳ್ಳೆ ಮಾಲು' ಎಂದರು. ಅಷ್ಟೇ ಅಂದರು. ರೊಸಾರಿಯೋ ಬೇರೊಂದು ಮೌತ್‌ಪೀಸ್ ಹಾಕಿಕೊಟ್ಟ ಮೇಲೆ ಚೂಡಿ ಊದಿದಳು. ತಳದ ಸ್ವರ, ಒಂದೇ ಸ್ವರ. ಅಣ್ಣಾ, ಆ ಕೋಣೆಯಲ್ಲಿ ನೇತುಹಾಕಿದ್ದ ಪಿಟೀಲುಗಳ ತಂತಿಗಳೆಲ್ಲ ಸಣ್ಣಗೆ ಗುಂಯ್‌ಗುಟ್ಟಿದವು. ಇನ್ನೆರಡನ್ನು ಅವಳು ತಿರುಗಿಯೂ ನೋಡಲಿಲ್ಲ.

'ಹತ್ತು ದಿನ ಇಟ್ಕೊಳ್ಳಿ ಮೇಡಂ, ಹುಡುಗಿ ಬಾಯಿಗೆ ಒಗ್ಗಿದ್ರೆ ದುಡ್ಡು ಕೊಡಿ, ಇಲ್ಲಾಂದ್ರೆ ವಾಪಸ್ ತನ್ನಿ' ಎಂದು ಮುದುಕರು ಕೊಟ್ಟು ಕಳಿಸಿದರು. ಮನೆಗೆ ಬಂದರೆ ಅಮ್ಮನದು ಒಂದೇ ತಕರಾರು, 'ಯಾರ ಎಂಜಲೋ ಏನೋ, ಮಗು ಬಾಯಿಗೆ ಇಡಬೇಡ್ರೇ.' ನೀನು ನಗಬೇಡ. ಅಮ್ಮನ ಸಮಾಧಾನಕ್ಕೆಂದೇ ನಾನು ಅಂಗಡಿಯಲ್ಲೇ ಹೊಚ್ಚಹೊಸ ಮೌತ್‌ಪೀಸ್ ಒಂದನ್ನು, ಕಾಗದ ಬಿಚ್ಚದ ರೀಡುಗಳನ್ನು ಬೇರೆಯಾಗಿ ಕೊಂಡಿದ್ದೆ. ಅವನ್ನೇ ತೋರಿಸಿದೆ. ಅಮ್ಮ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿ, ನುಣುಪಾಗಿದೆ ಎಂದು ಒಪ್ಪಿಕೊಂಡರು. ಅಂದಮೇಲೆ ಆ ಮೌತ್‌ಪೀಸಿಗೆ ಚೂಡಿಯ ಬಾಯಿ ಬಿಟ್ಟು ಬೇರೆ ಬಾಯಿ ಸೋಕಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಸ್ಕೂಲಿಗೆ ಹೋಗುವ ಮುಂಚೆ ಅಭ್ಯಾಸಕ್ಕೆಂದು ಪೆಟ್ಟಿಗೆ ತೆರೆದು, 'ಅಮ್ಮಾ, ನೀನು ತೊಳೆದ್ಯಾ?' ಎಂದು ಕೇಳಿದಳು. ರೀಡು ಒದ್ದೆಯಾಗಿತ್ತು. ಹಿಂದಿನ ಸಂಜೆ ಅವಳೇ ಒರೆಸಿ ಒಣಗಿಸಿ ಇಟ್ಟದ್ದನ್ನು ನಾನು ಕಂಡಿದ್ದೆ. ಬೆತ್ತದ ಆ ತೆಳ್ಳನೆಯ ಸೀಳು ಈಗ ತಾನೇ ಬಾಯಿಂದ ತೆಗೆದಂತೆ ನೆನೆದಿತ್ತು. ಕೊಳವೆಯೊಳಗೆ ಬಟ್ಟೆ ತೂರಿಸಿ ಎಳೆದರೆ ಬಟ್ಟೆಯೂ ಒದ್ದೆ. ಮರ ಮುಟ್ಟಿದರೆ ಬೆಚ್ಚಗಿತ್ತು. ಕಾರ್ತಿಕದ ಮಂಜು, ಇಬ್ಬನಿ, ಹೊಸ ಮನೆಯ ಗೋಡೆಯ ತೇವ ಎಂದು ಇವರು ಮೂರು ಕಾರಣ ಹೇಳಿದರು. ಬುಧವಾರವೂ ಹಾಗೇ ಆಯಿತು. ಗುರುವಾರ ಸಂಜೆ ಇವರು ತಾವೇ ರೀಡು ಒರೆಸಿ, ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನಲ್ಲಿ ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಇವರ ಸ್ವಭಾವ ನಿನಗೆ ಗೊತ್ತಿಲ್ಲ, ಆಫೀಸಿನಲ್ಲಿ ಒಂದು ಗುಂಡುಸೂಜಿಗೂ ಲೆಕ್ಕ ಇಡುವವರು. ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಬೀರು ತೆಗೆದರು, ಪೆಟ್ಟಿಗೆ ತೆರೆದರು. ಬೆರಳಿನಿಂದ ರೀಡನ್ನು ಒಮ್ಮೆ ಮುಟ್ಟಿ, ಆ ಬೆರಳನ್ನೇ ನೋಡುತ್ತ ನಿಂತರು. ನಾನು ಕಾಫಿ ತಂದಿಟ್ಟೆ. ಕುಡಿಯಲಿಲ್ಲ. ಮತ್ತೊಮ್ಮೆ ಸ್ನಾನ ಮಾಡಿ ಆಫೀಸಿಗೆ ಹೋದರು. ಅಂದಿನಿಂದ ಆ ವಿಷಯ ಎತ್ತಿಲ್ಲ.

ಶನಿವಾರ ಮಧ್ಯಾಹ್ನ ಮೇಷ್ಟ್ರ ಪಾಠ. ನಾನು ಅವರಿಗೆ ಏನೂ ಹೇಳಿರಲಿಲ್ಲ. ಎದುರಿನ ಖಾಲಿ ಸೈಟುಗಳಲ್ಲಿ ಎದೆಯೆತ್ತರ ಹುಲ್ಲು, ಬಿಸಿಲು, ಒಂದು ಎಮ್ಮೆ. ಹೆದರುವಂಥ ಹೊತ್ತೇ ಅಲ್ಲ ಅದು. ಚೂಡಿ ಊದುತ್ತಿದ್ದಳು, ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಲ್ಲಿ ಎಣಿಸುತ್ತಿದ್ದರು. ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಮೊದಲೇ ಗೊತ್ತುಮಾಡಿ, ಆಮೇಲೆ ಎಣಿಸಿ ನೋಡುವುದು ಅವರ ಮಿಲಿಟರಿ ಪದ್ಧತಿ. ಮುಗಿದ ಮೇಲೆ ಅವರು ಎದ್ದರು. ಬಾಗಿಲ ಹಿಂದೆ ನೋಡಿದರು, ಕಿಟಕಿಯಿಂದ ಬಗ್ಗಿ ಹೊರಗೆ ನೋಡಿದರು. ನನ್ನನ್ನು ಜಗುಲಿಗೆ ಕರೆದು ಮೆಲ್ಲಗೆ ಹೇಳಿದರು: 'ಅಮ್ಮಾವ್ರೇ, ಮಗು ಉಸಿರು ತಗಂಡಿದ್ದು ಆರು ಸಲ. ನನ್ನ ಕಿವೀಗೆ ಬಿದ್ದಿದ್ದು ಒಂಬತ್ತು. ಮೂರು ಉಸಿರು ಆ ಮಗೀನದಲ್ಲ. ದೊಡ್ಡೋರ ಉಸಿರು, ಎದೆ ಕಟ್ಟಿದೋರು ಎಳ್ಕಂಡಂಗೆ.' ರೀಡಿನ ವಿಷಯ ಆಗ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, 'ವಾದ್ಯದಾಗೆ ಏನೂ ಕೆಟ್ಟದ್ದಿಲ್ಲ ಕಣವ್ವ. ಇದನ್ನ ಊದ್ತಿದ್ದೋರು ಇನ್ನೂ ಮುಗಿಸಿಲ್ಲ, ಅಷ್ಟೇಯ. ಮಡೀಕೊಳ್ಳಾದು, ಬಿಡಾದು ಮಗೀಗೆ ಬಿಡಿ. ಅದಕ್ಕೆ ಹೆದರಿಕೆ ಆದ್ರೆ ಅವತ್ತೇ ವಾಪಸ್ ಕೊಟ್ಬಿಡಿ' ಎಂದು ಹೊರಟರು. ಗೇಟಿನ ಹತ್ತಿರ ನಿಂತು ಮನೆಯ ಕಡೆ ತಿರುಗಿ ಒಮ್ಮೆ ಕೈ ಮುಗಿದರು. ನನಗೆ ಮುಗಿದದ್ದಲ್ಲ.

ಭಾನುವಾರ ಅಮ್ಮ ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸೊಗಡು ಇನ್ನೂ ಬಂದಿಲ್ಲ ಎಂದು ಗೊಣಗುತ್ತಿದ್ದರು. ಮುಂದಿನ ಕೋಣೆಯಲ್ಲಿ ಚೂಡಿ ಊದುತ್ತಿದ್ದಳು. ಇದ್ದಕ್ಕಿದ್ದಂತೆ ಅಮ್ಮ ತಲೆಯೆತ್ತಿ, ಊಟಕ್ಕೆ ಕರೆಯುವಷ್ಟೇ ಸಹಜವಾಗಿ, 'ಬದರೀ, ಸಾಕು ಬಾರೋ. ಎದೆ ನೋಯತ್ತೆ' ಎಂದು ಕೂಗಿದರು. ಕೂಗಿದ್ದು ಅವರಿಗೇ ಗೊತ್ತಿಲ್ಲವೋ ಏನೋ, ಮತ್ತೆ ಕಾಯಿ ಸುಲಿಯತೊಡಗಿದರು. ಒಳಗೆ ವಾದ್ಯ ನಿಂತಿತು. ಚೂಡಿ ಹೊರಗೆ ಬಂದು ಅಜ್ಜಿಯನ್ನು, ನನ್ನನ್ನು ನೋಡಿ ಮತ್ತೆ ಒಳಗೆ ಹೋದಳು. (ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದಾಗ ಅಮ್ಮ, 'ನಾನೆಲ್ಲಿ ಕೂಗಿದೆ, ನಿನ್ನ ತಲೆ' ಎಂದರು. ಕೂಗಿದ್ದು ನಿಜ, ಅಣ್ಣಾ.)

ಸೋಮವಾರ ಚೂಡಿಗೆ ಸ್ಕೂಲು ರಜಾ ಇತ್ತು. ವಾಪಸು ಕೊಟ್ಟು ಆ ವಿಲಾಯಿತಿಯದನ್ನೇ ತರೋಣ ಎಂದು ಅವಳನ್ನು ಕರೆದುಕೊಂಡು ಮತ್ತೆ ದಂಡಿಗೆ ಹೊರಟೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಲಾಲ್‌ಬಾಗ್ ದಾಟಿದ ಮೇಲೆ ಒಂದೇ ಮಾತು ಹೇಳಿದಳು: 'ಅಮ್ಮಾ, ಅದು ಹೆದರಿಸಲ್ಲ. ನಾನು ತಪ್ಪಿದ್ರೆ ಕಾಯತ್ತೆ. ಸರಿ ಮಾಡ್ಕೊಂಡ ಮೇಲೆ ಜೊತೇಲಿ ಬರತ್ತೆ. ಮೇಷ್ಟ್ರಾದ್ರೆ ಬೈತಾರೆ, ಇದು ಬೈಯಲ್ಲ.' ಹಾಗಾದರೆ ನಿನಗೆ ಮೊದಲಿನಿಂದ ಗೊತ್ತಿತ್ತೇನೇ ಎಂದರೆ, ಮೊದಲ ದಿನ ಅಂಗಡಿಯಲ್ಲೇ ಗೊತ್ತಾಯಿತಂತೆ. ನಿಮಗೆಲ್ಲ ಕೇಳಿಸತ್ತೆ ಅಂದ್ಕೊಂಡಿದ್ದೆ ಎಂದಳು. ನಾನು ಅಂಗಡಿಗೆ ಹೋಗಿ, ಚೂಡಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಪೆಟ್ಟಿಗೆಯನ್ನು ರೊಸಾರಿಯೋ ಅವರ ಮುಂದಿಟ್ಟು ನಾಲ್ಕು ಮಾತಾಡಿದೆ. ಆಮೇಲೆ ಅದೇ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಗೆ ಬಂದೆ. ಚೂಡಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು. ಸಂಜೆ ಇವರಿಗೆ, ಅದೇ ಇರಲಿ ಅಂದುಕೊಂಡಿದ್ದೇನೆ ಎಂದೆ. ಇವರು, 'ಬೀರುವಿನಲ್ಲಿ ಇಡಬೇಡ, ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಡು, ಗಾಳಿಯಾಡತ್ತೆ' ಎಂದರು. ನಾಳೆಗೆ ಹತ್ತು ದಿನ. ನಾಳೆ ಆಫೀಸಿನಿಂದ ಬರುತ್ತಾ ಅವರೇ ಹೋಗಿ ದುಡ್ಡು ಕೊಟ್ಟು ಮಾತು ಮುಗಿಸಿ ಬರುತ್ತಾರೆ. ನಿನ್ನೆ ಸಂಜೆ ಕಮಲಾದೇವಿಯವರು ಚೂಡಿಯಿಂದ ಮತ್ತೆ ಊದಿಸಿ ಕೇಳಿ ಅವಳ ತಲೆ ಸವರಿದರು. ಸಂಕ್ರಾಂತಿಗೆ ಹುಡುಗಿ ವೇದಿಕೆಯ ಮೇಲೆ ಕೂರುತ್ತಾಳೆ.

ನಿನ್ನ ಸೊಸೆ ಚೂಡಿ ನಿನಗೆ ನಮಸ್ಕಾರ ತಿಳಿಸಿದ್ದಾಳೆ. ತಗಡಿನದನ್ನು ಒರೆಸಿ ನಿನ್ನ ಬನಿಯನ್ನಿನಲ್ಲೇ ಮತ್ತೆ ಸುತ್ತಿಟ್ಟಿದ್ದಾಳೆ, ನೀನು ಯಾವಾಗ ಬಂದರೂ ಅದು ನಿನ್ನದೇ ಎಂದು ಹೇಳಲು ಹೇಳಿದಳು. ಅಮ್ಮನ ಆಶೀರ್ವಾದ ಅವರ ಮಾತಿನಲ್ಲೇ ಬರೆಯುತ್ತೇನೆ: 'ಎಲ್ಲಿದ್ರೂ ಹೊತ್ತಿಗೆ ಸರಿಯಾಗಿ ಉಣ್ಣಲಿ. ತಣ್ಣೀರು ತಲೆಗೆ ಹಾಕ್ಕೊಳ್ಳೋದು ಬೇಡ. ಅವರಪ್ಪ ಅಂದಿದ್ದನ್ನ ಮನಸ್ಸಲ್ಲಿ ಇಟ್ಕೊಳ್ಳೋದು ಬೇಡ.' ಇವರ ನಮಸ್ಕಾರಗಳು. ಇದಕ್ಕಿಂತ ಹೆಚ್ಚು ಬರೆಯಲು ಜಾಗವೂ ಇಲ್ಲ, ಒಲೆಯ ಮೇಲೆ ಬೇಳೆ ಉಕ್ಕುತ್ತಿದೆ.

ಸದಾ ನಿನ್ನನ್ನು ನೆನೆಯುವ ತಂಗಿ,
ಪಂಕಜಾ

ತಾ. ಕ.: ಮೇಲಿನದನ್ನು ಅಮ್ಮನಿಗೆ ಓದಿ ಮುಗಿಸಿದೆ, ಅವರು ಮಧ್ಯಾಹ್ನದ ನಿದ್ದೆಗೆ ಹೋಗಿದ್ದಾರೆ. ನಾಲ್ಕು ಗಂಟೆಗೆ ಡಬ್ಬ ತೆಗೆಯುತ್ತಾರೆ, ಅಷ್ಟರಲ್ಲಿ ಇದನ್ನು ಬರೆಯಬೇಕು. ಭಾನುವಾರ ಸಂಜೆ ಹೊಸ ಮೌತ್‌ಪೀಸನ್ನು ಒರೆಸುವಾಗ ಅದರ ಮೇಲೆ ಹಲ್ಲಿನ ಗುರುತು ಕಂಡೆ. ಒಂದು ಪೂರ್ತಿ ಹಲ್ಲು, ಅದರ ಎಡಕ್ಕೆ ಅರ್ಧ ಹಲ್ಲು, ಓರೆಯಾಗಿ ಮುರಿದದ್ದು. ಚೂಡಿಯ ಹಲ್ಲು ಮುತ್ತಿನಂತೆ ಸಮವಾಗಿವೆ. ವಾಪಸು ಕೊಡಲು ಓಡಿದ್ದು ಅದಕ್ಕೇ. ರೊಸಾರಿಯೋ ಅವರನ್ನು ಇದು ಎಲ್ಲಿಂದ ಬಂತು ಎಂದು ಕೇಳಿದೆ. ಬೊಂಬಾಯಿಯ ಒಂದು ಲಾಡ್ಜಿನವರು, ಬಾಡಿಗೆಗಿದ್ದ ವಾದ್ಯಗಾರರೊಬ್ಬರ ಸಾಮಾನು ಕೇಳುವವರು ಯಾರೂ ಬರಲಿಲ್ಲವೆಂದು ಮಾರಿದ್ದಂತೆ. ಯಾವ ಲಾಡ್ಜು ಎಂದು ಅವರು ಹೇಳಲು ಬಾಯಿ ತೆರೆದರು, ನಾನು ಕೇಳಿಸಿಕೊಳ್ಳದೆ ಪೆಟ್ಟಿಗೆ ಎತ್ತಿಕೊಂಡು ಬಂದುಬಿಟ್ಟೆ. ಇನ್ನೊಬ್ಬರ ಮನೆಗೆ ಅದನ್ನು ಹೇಗೆ ಬಿಟ್ಟುಬರಲಿ? ಬಸವನಗುಡಿಯ ಮನೆಯ ಸೀಬೆಮರದಿಂದ ನೀನು ಬಿದ್ದು ಹಲ್ಲು ಮುರಿದುಕೊಂಡೆಯಲ್ಲ, ತಳ್ಳಿದ್ದು ನಾನು. ಕಾಲು ಜಾರಿತು ಎಂದೆ ನೀನು. ಅಪ್ಪ ಹೊಡೆದಾಗಲೂ ನನ್ನ ಹೆಸರು ಹೇಳಲಿಲ್ಲ, ಅಮ್ಮನಿಗೂ ಇವತ್ತಿನವರೆಗೆ ಗೊತ್ತಿಲ್ಲ. ಈ ಕಾಗದ ನಿನ್ನ ಕೈ ಸೇರಿದರೆ, ಬೈದಾದರೂ ಸರಿ, ಒಂದು ಕಾರ್ಡಿನಲ್ಲಿ ಒಂದು ಸಾಲು ಬರೆ ಅಣ್ಣಾ. ಸೇರಲಾರದ ಕಡೆ ನೀನು ಇದ್ದರೆ, ಅಮ್ಮನಿಗೆ ನಾನು ಹೇಳುವುದಿಲ್ಲ. ನೀನೂ ಹೇಳಬೇಡ.